ಮೌನ ಬಲ್ಲ ಸಾರಥಿ

ಕುರುಕ್ಷೇತ್ರದ ರಣರಂಗದಲ್ಲಿ ರಥಗಳಿಗೂ ಸಾರಥಿಗಳಿಗೂ ಲೆಕ್ಕವಿರಲಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದ ಸಾರಥಿಗಳು ಇಬ್ಬರೇ. ಒಬ್ಬನು ಅರ್ಜುನನ ರಥವನ್ನು ನಡೆಸಿದ ಕೃಷ್ಣ. ಇನ್ನೊಬ್ಬನು ಕರ್ಣನ ರಥವನ್ನು ನಡೆಸಿದ ಮದ್ರದೇಶದ ಅರಸು ಶಲ್ಯ. ಕುದುರೆಗಳನ್ನು ಹತೋಟಿಯಲ್ಲಿಡುವ ವಿದ್ಯೆಯಲ್ಲಿ ಶಲ್ಯನು ಕೃಷ್ಣನಿಗೆ ಸರಿಸಾಟಿಯೆಂಬ ನಂಬಿಕೆಯಿಂದಲೇ ಅವನನ್ನು ಕೇಳಿ ಪಡೆದದ್ದು. ಶಲ್ಯನೇನೋ ಒಪ್ಪಿದನು, ಆದರೆ ತನಗೆ ತೋಚಿದ್ದನ್ನು ತೋಚಿದಾಗ ಆಡಲು ತನಗೆ ಸ್ವಾತಂತ್ರ್ಯವಿರಬೇಕೆಂದು ಷರತ್ತು ಹಾಕಿದನು. ಆ ಷರತ್ತೇ ಕರ್ಣನಿಗೆ ಮುಳುವಾಯಿತು. ಬಾಣ ಹೂಡುವ ಹೊತ್ತಿಗೆ ಕಿವಿಗೆ ಬೀಳುತ್ತಿದ್ದ ಮಾತು ಅವನ ಮನಸ್ಸಿನ ಸ್ಥೈರ್ಯವನ್ನು ಕದಡಿತು. ಸಾರಥಿಗೆ ದಾರಿ ತಿಳಿದಿದ್ದರೆ ಸಾಲದು, ಕುದುರೆಗಳ ಗುಣ ತಿಳಿದಿದ್ದರೂ ಸಾಲದು; ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದೂ ತಿಳಿದಿರಬೇಕು.

ಈ ಹಳೆಯ ಮಾತಿಗೆ ಇಂದು ಹೊಸ ಅರ್ಥ ಬಂದಿದೆ. ಈಗ ಕಾರಿಗೆ ಮಾತು ಬಂದಿದೆ. ಅದು ದಾರಿ ಹೇಳುತ್ತದೆ, ಬಂದ ಸಂದೇಶವನ್ನು ಓದಿ ಹೇಳುತ್ತದೆ, ಇಂಧನ ಎಷ್ಟು ದೂರಕ್ಕೆ ಸಾಲುವುದೆಂದು ಲೆಕ್ಕ ಒಪ್ಪಿಸುತ್ತದೆ, ಮೆಚ್ಚಿನ ಹಾಡನ್ನು ಹುಡುಕಿ ಹಾಕುತ್ತದೆ. ಚಕ್ರವನ್ನು ಹಿಡಿದವರು ಯಾರು, ಅವರ ಅಭ್ಯಾಸವೇನು ಎಂಬುದನ್ನು ಅರಿತು ಅದಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಇಂತಹ ಸೇವೆಗಳನ್ನು ರೂಪಿಸುವುದು ಇಂದು ಜಗತ್ತಿನ ಮೋಟಾರು ಉದ್ಯಮದ ದೊಡ್ಡ ಕಸುಬುಗಳಲ್ಲಿ ಒಂದಾಗಿದೆ. ಆದರೆ ಹೀಗೆ ಹುಟ್ಟುತ್ತಿರುವ ಹೊಸ ಸಾರಥಿ ಕೃಷ್ಣನಾಗುವನೋ ಶಲ್ಯನಾಗುವನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕಾರಿನ ಮೂರು ಅರಿವುಗಳು

ಒಂದು ಮನೆಯಲ್ಲಿ ಒಂದೇ ಕಾರು ಇದ್ದು, ಅದನ್ನು ಗಂಡ, ಹೆಂಡತಿ, ಕಾಲೇಜು ಮುಗಿಸಿದ ಮಗ ಮೂವರೂ ಓಡಿಸುವುದುಂಟು. ಹಿಂದೆ ಒಬ್ಬರು ಇಳಿದು ಇನ್ನೊಬ್ಬರು ಕುಳಿತರೆ ಆಸನವನ್ನು ಮುಂದಕ್ಕೆ ಎಳೆಯುವುದು, ಕನ್ನಡಿಯನ್ನು ತಿರುಗಿಸುವುದು, ರೇಡಿಯೋ ಬದಲಿಸುವುದು, ಜೊತೆಗೆ ಒಂದಿಷ್ಟು ಗೊಣಗುವುದು ಇವೆಲ್ಲ ತಪ್ಪುತ್ತಿರಲಿಲ್ಲ. ಇಂದಿನ ಬೆಲೆಬಾಳುವ ಕಾರುಗಳು ಕೀಲಿಕೈಯಿಂದಲೋ ಜೇಬಿನಲ್ಲಿರುವ ಫೋನಿನಿಂದಲೋ ಬಂದವರು ಯಾರೆಂದು ಗುರುತಿಸುತ್ತವೆ. ಕೂಡಲೆ ಆಸನವೂ ಕನ್ನಡಿಗಳೂ ಅವರ ಅಳತೆಗೆ ಸರಿಯುತ್ತವೆ. ಇದು ಕಾರಿನ ಮೊದಲನೆಯ ಅರಿವು: ಬಂದವರು ಯಾರು ಎಂಬುದು.

ಎರಡನೆಯದು ಅಭ್ಯಾಸದ ಅರಿವು. ಕೆಲಸದ ದಿನಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕಾರು ಹೊರಟರೆ ಅದು ಕಚೇರಿಯ ಕಡೆಗೆ, ಭಾನುವಾರ ಸಂಜೆ ಹೊರಟರೆ ಅದು ಅಜ್ಜಿಯ ಮನೆಗೆ. ಕೆಲವು ವಾರ ಇದನ್ನು ಕಂಡ ಯಂತ್ರ, ಕೇಳುವ ಮೊದಲೇ ಆ ದಾರಿಯ ಸಂಚಾರ ಹೇಗಿದೆಯೆಂದು ತಿಳಿಸಬಲ್ಲದು. ವಿದ್ಯುತ್ ಕಾರಾದರೆ, ಓಡಿಸುವವರ ವೇಗವನ್ನೂ ದಾರಿಯ ಏರಿಳಿತಗಳನ್ನೂ ಲೆಕ್ಕ ಹಾಕಿ, ಎಲ್ಲಿ ನಿಲ್ಲಿಸಿ ಚಾರ್ಜ್ ಮಾಡಿಕೊಳ್ಳಬೇಕೆಂದು ಮೊದಲೇ ಸೂಚಿಸಬಲ್ಲದು.

ಮೂರನೆಯದು ಈ ಕ್ಷಣದ ಅರಿವು. ಚಾಲಕನು ಈಗ ಆಯಾಸಗೊಂಡಿದ್ದಾನೆಯೇ? ಮಳೆಯಲ್ಲಿ ಲಾರಿಯೊಂದನ್ನು ದಾಟುತ್ತಿದ್ದಾನೆಯೇ? ಅಪರಿಚಿತ ಊರಿನ ಕೂಡುರಸ್ತೆಯಲ್ಲಿ ತಡಬಡಿಸುತ್ತಿದ್ದಾನೆಯೇ? ಇದನ್ನು ತಿಳಿಯಲು ಕಾರಿಗೆ ಸಾಧನಗಳ ಕೊರತೆಯಿಲ್ಲ. ಸ್ಟಿಯರಿಂಗ್ ಚಕ್ರ ಎಷ್ಟು ತಿರುಗಿತು, ಬ್ರೇಕನ್ನು ಎಷ್ಟು ಬಲವಾಗಿ ಒತ್ತಲಾಯಿತು, ವೈಪರುಗಳು ಓಡುತ್ತಿವೆಯೇ, ದೀಪ ಹೊತ್ತಿದೆಯೇ ಎಂಬ ಸಂಗತಿಗಳೆಲ್ಲ ಅದರ ಗಣಕಕ್ಕೆ ಕ್ಷಣಕ್ಷಣವೂ ತಲಪುತ್ತಿರುತ್ತವೆ. ಕೆಲವು ಕಾರುಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕ್ಯಾಮರಾ ಚಾಲಕನ ರೆಪ್ಪೆಗಳನ್ನೇ ನೋಡುತ್ತಿರುತ್ತದೆ.

ಮೊದಲ ಎರಡು ಅರಿವುಗಳು ಸೌಕರ್ಯಕ್ಕೆ ಸಂಬಂಧಿಸಿದವು. ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಜಾಹೀರಾತುಗಳಲ್ಲಿ ಮೆರೆಯುವುದು ಹೆಚ್ಚಾಗಿ ಮೊದಲಿನವೇ ಆದರೂ, ಸೇವೆಯ ಗುಣವನ್ನು ಅಳೆಯಬೇಕಾದದ್ದು ಮೂರನೆಯದರಿಂದ.

ನಕ್ಷೆ ತಿರುಗಿತು

ಪಯಣಿಗನಿಗೆ ತಕ್ಕಂತೆ ಯಂತ್ರವನ್ನು ಹೊಂದಿಸುವ ಹಂಬಲ ಇಂದು ನಿನ್ನೆಯದಲ್ಲ. ೧೯೦೯ರಷ್ಟು ಹಿಂದೆಯೇ ಅಮೆರಿಕದಲ್ಲಿ ಜೋನ್ಸ್ ಎಂಬುವರು ‘ಜೀವಂತ ನಕ್ಷೆ’ ಎಂಬ ಸಾಧನವನ್ನು ಮಾರಾಟಕ್ಕಿಟ್ಟರು. ಅದು ಗ್ರಾಮಫೋನ್ ತಟ್ಟೆಯಂತಹ ಒಂದು ಬಿಲ್ಲೆ. ಅದರ ಅಂಚಿನ ಸುತ್ತ ದಾರಿಯ ತಿರುವುಗಳು ಅಚ್ಚಾಗಿರುತ್ತಿದ್ದವು. ಕಾರಿನ ಚಕ್ರಕ್ಕೆ ಜೋಡಿಸಿದ ತಂತಿಯೊಂದು ಕ್ರಮಿಸಿದ ದೂರಕ್ಕೆ ಅನುಸಾರವಾಗಿ ಬಿಲ್ಲೆಯನ್ನು ತಿರುಗಿಸುತ್ತಿತ್ತು. ದಾರಿ ತಪ್ಪದೆ ನಡೆದವನಿಗೆ ಮಾತ್ರ ಅದು ದಾರಿ ತೋರಿಸುತ್ತಿತ್ತು; ಒಮ್ಮೆ ಅಡ್ಡದಾರಿ ಹಿಡಿದರೆ ಬಿಲ್ಲೆಗೂ ಲೋಕಕ್ಕೂ ಸಂಬಂಧ ಹರಿದಂತೆಯೇ.

೧೯೩೦ರಲ್ಲಿ ಗಾಲ್ವಿನ್ ಸೋದರರು ಕಾರಿನೊಳಗೆ ರೇಡಿಯೋ ಕೂರಿಸಿದರು. ಮೋಟಾರು ಎಂಬ ಪದದಿಂದಲೇ ಅದಕ್ಕೆ ‘ಮೋಟೊರೋಲಾ’ ಎಂಬ ಹೆಸರು ಬಂದಿತು. ಹಾಡು ಕೇಳುತ್ತ ಕಾರು ಓಡಿಸಿದರೆ ಗಮನ ತಪ್ಪಿ ಅಪಘಾತವಾದೀತೆಂಬ ಆತಂಕ ಆಗಲೇ ಎದ್ದಿತ್ತು. ಅದನ್ನು ನಿಷೇಧಿಸಬೇಕೆಂಬ ಕೂಗೂ ಅಮೆರಿಕದ ಕೆಲವೆಡೆಗಳಲ್ಲಿ ಕೇಳಿಬಂದಿತು. ಇಂದಿನ ಚರ್ಚೆಯ ಬೇರು ಅಲ್ಲಿದೆ.

೧೯೮೧ರಲ್ಲಿ ಜಪಾನಿನ ಹೋಂಡಾ ಸಂಸ್ಥೆ ‘ಎಲೆಕ್ಟ್ರೋ ಗೈರೋಕೇಟರ್’ ಎಂಬ ದಾರಿಸೂಚಕವನ್ನು ಹೊರತಂದಿತು. ಆಗ ಸಾಮಾನ್ಯ ಕಾರುಗಳಿಗೆ ಉಪಗ್ರಹದ ನೆರವು ಇರಲಿಲ್ಲ. ಕಾರು ಎತ್ತ ತಿರುಗಿತೆಂಬುದನ್ನು ಅನಿಲದ ಧಾರೆಯೊಂದರ ಬಾಗುವಿಕೆಯಿಂದ ಅದು ತಿಳಿಯುತ್ತಿತ್ತು. ಪುಟ್ಟ ಪರದೆಯ ಮುಂದೆ ಪಾರದರ್ಶಕ ನಕ್ಷೆಯ ಹಾಳೆಯನ್ನು ಸಿಕ್ಕಿಸಬೇಕು. ಹಿಂದಿನಿಂದ ಬೆಳಕಿನ ಚುಕ್ಕೆ ಸಾಗುತ್ತ ಕಾರಿರುವ ಜಾಗವನ್ನು ತೋರಿಸುವುದು. ಒಂದು ಹಾಳೆಯ ಎಲ್ಲೆ ಮುಗಿದೊಡನೆ ಇನ್ನೊಂದನ್ನು ಹಾಕಬೇಕು.

ನಿಜವಾದ ತಿರುವು ಬಂದದ್ದು ೧೯೮೫ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್ ಹನಿ ಎಂಬ ಎಂಜಿನಿಯರರು ‘ಈಟಾಕ್’ ಎಂಬ ಸಾಧನವನ್ನು ರೂಪಿಸಿದರು. ಅವರು ಹಾಯಿದೋಣಿಯ ನುರಿತ ನಾವಿಕರೂ ಹೌದು. ಪೆಸಿಫಿಕ್ ಸಾಗರದ ದ್ವೀಪವಾಸಿಗಳು ದೂರದ ಪಯಣದಲ್ಲಿ ಒಂದು ವಿಚಿತ್ರ ಕಲ್ಪನೆಯನ್ನು ಬಳಸುತ್ತಿದ್ದರು: ದೋಣಿ ನಿಂತಲ್ಲೇ ನಿಂತಿದೆ, ಚಲಿಸುತ್ತಿರುವುದು ದ್ವೀಪಗಳು. ಆ ಪದ್ಧತಿಯ ಹೆಸರನ್ನೇ ಯಂತ್ರಕ್ಕೂ ಇಟ್ಟರು. ಪರದೆಯ ಮೇಲೆ ಕಾರಿನ ಗುರುತು ಇದ್ದಲ್ಲೇ ಇರುತ್ತಿತ್ತು. ಕಾರು ಎಡಕ್ಕೆ ತಿರುಗಿದರೆ ನಕ್ಷೆಯೇ ಅದಕ್ಕೆ ತಕ್ಕಂತೆ ಹೊರಳುತ್ತಿತ್ತು; ಮುಂದಿರುವ ರಸ್ತೆ ಯಾವಾಗಲೂ ಮೇಲ್ಮುಖವಾಗಿಯೇ ಕಾಣುತ್ತಿತ್ತು. ನಕ್ಷೆಗಳು ಹಾಡಿನ ಕ್ಯಾಸೆಟ್ಟುಗಳಂತಹ ಸುರುಳಿಗಳಲ್ಲಿದ್ದವು. ಒಂದು ದೊಡ್ಡ ನಗರಕ್ಕೆ ಹಲವು ಕ್ಯಾಸೆಟ್ಟುಗಳು ಬೇಕಾಗುತ್ತಿದ್ದವು. ಆದರೇನು? ಉತ್ತರ ಯಾವುದು, ದಕ್ಷಿಣ ಯಾವುದು ಎಂದು ಚಾಲಕನು ತಲೆಯೊಳಗೆ ನಕ್ಷೆಯನ್ನು ತಿರುಗಿಸಿಕೊಳ್ಳಬೇಕಾಗಿದ್ದ ಶ್ರಮವನ್ನು ಯಂತ್ರವೇ ವಹಿಸಿಕೊಂಡಿತು. ಮನುಷ್ಯನು ನಕ್ಷೆಗೆ ಹೊಂದಿಕೊಳ್ಳುವ ಬದಲು ನಕ್ಷೆಯೇ ಮನುಷ್ಯನಿಗೆ ಹೊಂದಿಕೊಂಡಿತು.

ಆಮೇಲಿನ ಕಥೆ ಬಹುಮಂದಿಗೆ ತಿಳಿದದ್ದೇ. ಅಮೆರಿಕದ ಸೇನೆಯ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ನಾಗರಿಕರಿಗೆ ಬೇಕೆಂದೇ ಮಸುಕುಗೊಳಿಸಿ ಕೊಡಲಾಗುತ್ತಿತ್ತು. ಸುಮಾರು ೧೦೦ ಮೀಟರಿನಷ್ಟು ತಪ್ಪಾಗುವುದಿತ್ತು. ೨೦೦೦ದ ಮೇ ೧ರಂದು ಅಧ್ಯಕ್ಷ ಕ್ಲಿಂಟನ್ ಆ ಮಸುಕನ್ನು ತೆಗೆಸಿದರು. ಅಂದಿನಿಂದ ಯಾವ ಬೀದಿಯಲ್ಲಿ ಕಾರಿದೆಯೆಂದು ತಿಳಿಯುವುದು ಸುಲಭವಾಯಿತು. ಫೋನುಗಳು ಬಂದ ಮೇಲಂತೂ ದಾರಿಸೂಚಕ ಎಲ್ಲರ ಜೇಬಿಗೂ ಇಳಿಯಿತು. ೨೦೧೮ರಲ್ಲಿ ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿಯೂ ದಾರಿ ಹೇಳತೊಡಗಿತು.

ಎರಡು ಸೆಕೆಂಡುಗಳ ಬೆಲೆ

ನಕ್ಷೆ ಬಂದಿತು, ಅದರ ಹಿಂದೆಯೇ ಫೋನು, ಸಂದೇಶ, ಸಂಗೀತ, ಹವಾಮಾನ, ಸುದ್ದಿ ಎಲ್ಲವೂ ಬಂದವು. ಮುಂದಿನ ಹಲಗೆಯಲ್ಲಿದ್ದ ಗುಂಡಿಗಳೂ ತಿರುಪುಗಳೂ ಮಾಯವಾಗಿ ಅವುಗಳ ಜಾಗದಲ್ಲಿ ನುಣುಪಾದ ಗಾಜಿನ ಪರದೆ ಬಂದಿತು. ಇಲ್ಲಿ ತೊಡಕು ಆರಂಭವಾಯಿತು. ಗುಂಡಿಯನ್ನು ಬೆರಳು ತಡವಿ ಗುರುತಿಸಬಲ್ಲದು. ಗಾಜನ್ನು ಕಣ್ಣೇ ನೋಡಬೇಕು.

ಕನ್ನಡ ನಾಡಿಗೆ ಅಷ್ಟಾವಧಾನದ ಪರಿಚಯವುಂಟು. ಎಂಟು ಮಂದಿ ಎಂಟು ಕಡೆಯಿಂದ ಕೇಳುವುದಕ್ಕೆ ಕಿವಿಗೊಟ್ಟು, ಪದ್ಯ ಕಟ್ಟುತ್ತ, ನಡುನಡುವೆ ಬಾರಿಸಿದ ಗಂಟೆಯ ಏಟುಗಳನ್ನು ಎಣಿಸಿ ಹೇಳುವ ವಿದ್ವಾಂಸರನ್ನು ಕಂಡು ಸಭೆ ಬೆರಗಾಗುತ್ತದೆ. ಬೆರಗಾಗುವುದು ಏಕೆ? ಅದು ಸಾಮಾನ್ಯರಿಗೆ ಸಾಧ್ಯವಿಲ್ಲದ್ದು ಎಂದೇ. ಕಾರು ಓಡಿಸುವವರು ಅವಧಾನಿಗಳಲ್ಲ. ಅವರ ಗಮನ ಒಂದು ಸಣ್ಣ ಕೊಡದ ನೀರು. ಅದನ್ನು ಅತ್ತ ಸುರಿದರೆ ಇತ್ತ ಬರಿದಾಗುತ್ತದೆ.

ಅಮೆರಿಕದ ವರ್ಜೀನಿಯಾದಲ್ಲಿ ೧೦೦ ಕಾರುಗಳಿಗೆ ಕ್ಯಾಮರಾಗಳನ್ನು ಜೋಡಿಸಿ ಸುಮಾರು ಒಂದು ವರ್ಷ ಚಾಲಕರ ನಡವಳಿಕೆಯನ್ನು ಚಿತ್ರಿಸಲಾಯಿತು. ೨೦೦೬ರಲ್ಲಿ ಹೊರಬಂದ ಅದರ ಫಲಿತಾಂಶ ಸ್ಪಷ್ಟವಾಗಿತ್ತು. ಅಪಘಾತಗಳಲ್ಲಿ ಶೇಕಡಾ ೮೦ರ ಸಮೀಪದಷ್ಟರಲ್ಲಿ, ಅವಘಡಕ್ಕೆ ಮೂರು ಸೆಕೆಂಡು ಮುಂಚಿನ ಅವಧಿಯಲ್ಲಿ ಚಾಲಕನ ಗಮನ ಯಾವುದೋ ಬಗೆಯಲ್ಲಿ ರಸ್ತೆಯಿಂದ ಸರಿದಿತ್ತು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಣ್ಣು ರಸ್ತೆಯನ್ನು ಬಿಟ್ಟರೆ ಅಪಾಯದ ಸಂಭವ ಎರಡು ಪಟ್ಟಾದರೂ ಏರುತ್ತದೆಂದು ಕಂಡುಬಂದಿತು.

ಎರಡು ಸೆಕೆಂಡು! ಕೇಳಲು ಎಷ್ಟು ಅಲ್ಪ! ಆದರೆ ಗಂಟೆಗೆ ೮೦ ಕಿಲೋಮೀಟರು ವೇಗದ ಕಾರು ಆ ಎರಡು ಸೆಕೆಂಡಿನಲ್ಲಿ ೪೪ ಮೀಟರು ಮುಂದೆ ಹೋಗಿರುತ್ತದೆ. ಅಷ್ಟು ದೂರವನ್ನು ಅದು ಕಣ್ಣುಮುಚ್ಚಿ ಓಡಿದಂತೆಯೇ. ಈ ಕಾರಣದಿಂದಲೇ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ೨೦೧೩ರಲ್ಲಿ ತಯಾರಕರಿಗೆ ಒಂದು ಸೂಚನೆಯನ್ನು ಹೊರಡಿಸಿತು. ಓಡುವ ಕಾರಿನಲ್ಲಿ ಮಾಡಬಹುದಾದ ಯಾವ ಕೆಲಸವೂ ಒಂದು ನೋಟಕ್ಕೆ ಎರಡು ಸೆಕೆಂಡಿಗಿಂತ, ಒಟ್ಟಿನಲ್ಲಿ ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಕಣ್ಣನ್ನು ಬೇಡಬಾರದು ಎಂಬುದು ಅದರ ಸಾರ. ಆದರೆ ಅದು ಸಲಹೆ ಮಾತ್ರ, ಕಟ್ಟಳೆಯಲ್ಲ.

ಸಲಹೆಯನ್ನು ಮರೆತರೆ ಏನಾಗುವುದೆಂಬುದಕ್ಕೆ ಜರ್ಮನಿಯ ಒಂದು ಮೊಕದ್ದಮೆ ನಿದರ್ಶನ. ಭಾರಿ ಮಳೆಯಲ್ಲಿ ಹೋಗುತ್ತಿದ್ದ ಚಾಲಕನೊಬ್ಬನು ವೈಪರಿನ ವೇಗವನ್ನು ಬದಲಿಸಬೇಕಾಯಿತು. ಅವನ ಕಾರಿನಲ್ಲಿ ಅದನ್ನು ಪರದೆಯ ಮೇಲೆ ಬೆರಳಾಡಿಸಿ ಮಾಡಬೇಕಾಗಿತ್ತು. ಅಷ್ಟರಲ್ಲಿ ಕಾರು ರಸ್ತೆಯನ್ನು ಬಿಟ್ಟು ಮರಗಳಿಗೆ ಬಡಿಯಿತು. ಕಾರಿನೊಳಗೆ ಜೋಡಿಸಿದ ಪರದೆಯೂ ಕೈಯಲ್ಲಿ ಹಿಡಿಯುವ ಫೋನಿನಂತೆ ಒಂದು ವಿದ್ಯುನ್ಮಾನ ಸಾಧನವೇ ಎಂದು ಕಾರ್ಲ್ಸ್‌ರೂಹೆ ನಗರದ ಉಚ್ಚ ನ್ಯಾಯಾಲಯ ೨೦೨೦ರಲ್ಲಿ ತೀರ್ಪಿತ್ತಿತು. ಚಾಲಕನಿಗೆ ೨೦೦ ಯೂರೋ ದಂಡವೂ ಒಂದು ತಿಂಗಳು ವಾಹನ ಚಲಾಯಿಸಬಾರದೆಂಬ ನಿರ್ಬಂಧವೂ ಉಳಿದವು. ಮಳೆಯಲ್ಲಿ ಗಾಜನ್ನು ಒರೆಸಿಕೊಳ್ಳಲು ಹೋದವನಿಗೆ ಈ ಶಿಕ್ಷೆ! ಚಾಲಕನೇನೋ ಹೊಣೆ ಹೊತ್ತನು. ಆದರೆ ಅಂತಹ ವ್ಯವಸ್ಥೆಯನ್ನು ರೂಪಿಸಿದವರ ಹೊಣೆ ಎಷ್ಟು ಎಂಬ ಪ್ರಶ್ನೆ ಉಳಿದೇ ಇದೆ.

ಸ್ವೀಡನ್ನಿನ ‘ವಿ ಬಿಲ್‌ಎಗಾರೆ’ ಎಂಬ ಮೋಟಾರು ಪತ್ರಿಕೆ ೨೦೨೨ರಲ್ಲಿ ಒಂದು ಸ್ವಾರಸ್ಯವಾದ ಪಂದ್ಯವನ್ನೇ ಏರ್ಪಡಿಸಿತು. ಗಂಟೆಗೆ ೧೧೦ ಕಿಲೋಮೀಟರು ವೇಗದಲ್ಲಿ ಹೋಗುತ್ತ ಬಿಸಿಗಾಳಿ ಹೆಚ್ಚಿಸುವುದು, ರೇಡಿಯೋ ನಿಲಯ ಬದಲಿಸುವುದು ಮುಂತಾದ ನಾಲ್ಕು ಕೆಲಸಗಳನ್ನು ಮಾಡಬೇಕು. ೨೦೦೫ರ ಹಳೆಯ ವೋಲ್ವೊ ಕಾರಿನಲ್ಲಿ, ಗುಂಡಿಗಳ ನೆರವಿನಿಂದ, ಅವೆಲ್ಲ ೧೦ ಸೆಕೆಂಡಿನಲ್ಲಿ ಮುಗಿದವು. ಕಾರು ೩೦೬ ಮೀಟರು ಸಾಗಿತ್ತು. ಪರದೆಗಳಿಂದ ಶೋಭಿಸುವ ಹೊಸ ಕಾರುಗಳ ಪೈಕಿ ಕೊನೆಯ ಸ್ಥಾನ ಪಡೆದದ್ದು ಅದೇ ಕೆಲಸಕ್ಕೆ ಸುಮಾರು ೪೫ ಸೆಕೆಂಡು ತೆಗೆದುಕೊಂಡು ೧,೩೭೨ ಮೀಟರು ಓಡಿತ್ತು. ಯೂರೋಪಿನ ಕಾರುಗಳಿಗೆ ಸುರಕ್ಷತೆಯ ಅಂಕ ಕೊಡುವ ‘ಯೂರೋ ಎನ್‌ಕ್ಯಾಪ್’ ಸಂಸ್ಥೆ ಕಡೆಗೆ ಎಚ್ಚೆತ್ತಿತು. ತಿರುವಿನ ದೀಪ, ಅಪಾಯಸೂಚಕ ದೀಪ, ವೈಪರು, ಹಾರನ್ನು, ತುರ್ತು ಕರೆ ಈ ಐದಕ್ಕೂ ಕೈಗೆ ಸಿಗುವ ಗುಂಡಿಯೋ ಹಿಡಿಕೆಯೋ ಇಲ್ಲದ ಕಾರಿಗೆ ೨೦೨೬ರಿಂದ ಪೂರ್ಣ ಅಂಕವಿಲ್ಲವೆಂದು ಸಾರಿತು.

ಮಾತಿಗೂ ಭಾರವುಂಟು

ಹಾಗಾದರೆ ಕಣ್ಣಿಗೆ ಬಿಡುವು ಕೊಟ್ಟು ಎಲ್ಲವನ್ನೂ ಮಾತಿನಿಂದಲೇ ನಡೆಸಿದರಾಯಿತಲ್ಲ ಎಂದು ತೋರಬಹುದು. ಅದೂ ಅಷ್ಟು ಸರಳವಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಕೆಲವು ಕಾರುಗಳಲ್ಲಿ ಯಂತ್ರಕ್ಕೆ ಬಾಯಿಮಾತಿನ ಅಪ್ಪಣೆ ಕೊಟ್ಟು ಮುಗಿಸಿದ ಮೇಲೂ ಚಾಲಕನ ಮನಸ್ಸು ಪೂರ್ಣವಾಗಿ ರಸ್ತೆಗೆ ಮರಳಲು ೨೭ ಸೆಕೆಂಡುಗಳವರೆಗೆ ಹಿಡಿಯುತ್ತಿತ್ತು. ಗಂಟೆಗೆ ೪೦ ಕಿಲೋಮೀಟರಿನ ಸಾಧಾರಣ ವೇಗದಲ್ಲಿಯೂ ಅಷ್ಟು ಹೊತ್ತಿಗೆ ಕಾರು ೩೦೦ ಮೀಟರು ದಾಟಿರುತ್ತದೆ.

ಪಕ್ಕದಲ್ಲಿ ಕುಳಿತವರ ಜೊತೆ ಹರಟುತ್ತ ಹೋಗುವುದಿಲ್ಲವೇ, ಅದರಿಂದ ಇಷ್ಟು ಹಾನಿಯಿಲ್ಲವಲ್ಲ ಎಂದು ಕೇಳುವವರುಂಟು. ಅದೇ ವಿಶ್ವವಿದ್ಯಾಲಯದಲ್ಲಿ ೨೦೦೮ರಲ್ಲಿ ಇದನ್ನೂ ಪರೀಕ್ಷಿಸಿದರು. ನಿಗದಿಯಾದ ಒಂದು ಕಡೆ ಹೆದ್ದಾರಿಯಿಂದ ಹೊರಳಬೇಕೆಂದು ಚಾಲಕರಿಗೆ ಹೇಳಲಾಗಿತ್ತು. ಫೋನಿನಲ್ಲಿ ಮಾತನಾಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ತಿರುವನ್ನು ತಪ್ಪಿಸಿಕೊಂಡರು. ಪಕ್ಕದಲ್ಲಿದ್ದ ಸ್ನೇಹಿತರೊಡನೆ ಮಾತನಾಡುತ್ತಿದ್ದವರು ಹೆಚ್ಚಾಗಿ ತಪ್ಪಲಿಲ್ಲ. ಕಾರಣ ಸರಳವಾದದ್ದು. ಪಕ್ಕದಲ್ಲಿರುವವನ ಕಣ್ಣೂ ರಸ್ತೆಯ ಮೇಲಿರುತ್ತದೆ. ಸಂಚಾರ ದಟ್ಟವಾದರೆ ಅವನ ಮಾತು ತಾನಾಗಿಯೇ ಕುಂಠಿತವಾಗುತ್ತದೆ. ತಿರುವು ಬಂದರೆ ‘ಇಲ್ಲೇ, ಇಲ್ಲೇ’ ಎಂದು ಎಚ್ಚರಿಸುತ್ತಾನೆ. ದೂರದ ಊರಿನಿಂದ ಫೋನಿನಲ್ಲಿ ಮಾತನಾಡುವ ಭಾವನಿಗೆ ಎದುರಿನ ಲಾರಿ ಕಾಣುವುದಿಲ್ಲ.

ಕಾರಿನ ಸೇವೆಯನ್ನು ರೂಪಿಸುವವರಿಗೆ ಈ ಸಂಗತಿಯೇ ಒಳ್ಳೆಯ ಪಾಠ. ಯಂತ್ರವು ದೂರದ ಭಾವನಂತಲ್ಲ, ಪಕ್ಕದ ಗೆಳೆಯನಂತೆ ವರ್ತಿಸಬೇಕು. ಇದನ್ನು ಮೊದಲು ಗ್ರಹಿಸಿದವರಲ್ಲಿ ವೋಲ್ವೊ ಸಂಸ್ಥೆಯ ಎಂಜಿನಿಯರರೂ ಸೇರಿದ್ದಾರೆ. ೨೦೦೩ರ ಸುಮಾರಿಗೆ ಅವರ ಎಸ್-೪೦ ಕಾರಿನಲ್ಲಿ ಬಂದ ವ್ಯವಸ್ಥೆಯೊಂದು ಚಾಲಕನ ಕೈಕಾಲುಗಳ ಚಲನೆಯನ್ನು ಗಮನಿಸುತ್ತಿತ್ತು. ಅವನು ಜೋರಾಗಿ ಬ್ರೇಕು ಹಾಕುತ್ತಿದ್ದರೆ, ಇಲ್ಲವೆ ಇನ್ನೊಂದು ವಾಹನವನ್ನು ದಾಟುತ್ತಿದ್ದರೆ, ಬಂದ ಫೋನು ಕರೆಯನ್ನೂ ತುರ್ತಲ್ಲದ ಸೂಚನೆಗಳನ್ನೂ ಕೆಲವು ಸೆಕೆಂಡು ತಡೆದಿಡುತ್ತಿತ್ತು. ರಸ್ತೆ ತಿಳಿಯಾದ ಮೇಲೆ ಗಂಟೆ ಬಾರಿಸುತ್ತಿತ್ತು. ಈ ಸೇವೆ ಕೊಳ್ಳುವವರ ಕಣ್ಣಿಗೆ ಬೀಳುವಂತಹದಲ್ಲ. ಬಾರದೆ ಉಳಿದ ಕರೆಯನ್ನು ಅಂಗಡಿಯ ಕಿಟಕಿಯಲ್ಲಿಟ್ಟು ತೋರಿಸುವುದು ಹೇಗೆ?

ಒಬ್ಬೊಬ್ಬರಿಗೆ ತಕ್ಕಂತೆ ಹೊಂದಿಕೊಳ್ಳುವುದರ ಪ್ರಯೋಜನಕ್ಕೆ ಇನ್ನೊಂದು ಉದಾಹರಣೆ ಮರ್ಸಿಡೀಸ್ ಕಾರುಗಳಲ್ಲಿ ೨೦೦೯ರಲ್ಲಿ ಬಂದ ತೂಕಡಿಕೆಯ ಎಚ್ಚರಿಕೆ. ಪಯಣದ ಮೊದಲ ಕೆಲವು ನಿಮಿಷಗಳಲ್ಲಿ ಅದು ಆ ಚಾಲಕನೇ ಚಕ್ರವನ್ನು ಹೇಗೆ ಹಿಡಿಯುತ್ತಾನೆಂದು ಕಲಿಯುತ್ತದೆ. ನಿದ್ದೆ ಆವರಿಸತೊಡಗಿದವನ ಕೈ ಸ್ವಲ್ಪ ಹೊತ್ತು ನಿಶ್ಚಲವಾಗಿದ್ದು ಆಮೇಲೆ ತಟ್ಟನೆ ಸರಿಪಡಿಸಿಕೊಳ್ಳುತ್ತದೆ. ಅವನ ಎಂದಿನ ರೀತಿಗೂ ಈಗಿನದಕ್ಕೂ ವ್ಯತ್ಯಾಸ ಹೆಚ್ಚಿದರೆ ಕಾಫಿ ಬಟ್ಟಲಿನ ಚಿತ್ರ ಬೆಳಗಿ ವಿಶ್ರಾಂತಿಯನ್ನು ಸೂಚಿಸುತ್ತದೆ. ಎಲ್ಲ ಚಾಲಕರಿಗೂ ಒಂದೇ ಅಳತೆಗೋಲು ಇಟ್ಟಿದ್ದರೆ ಎಚ್ಚರವಾಗಿರುವವನನ್ನೂ ಅದು ಕಾಡುತ್ತಿತ್ತು. ಕಾಡಿಸಿಕೊಂಡವನು ಅದನ್ನು ಆರಿಸಿಬಿಡುತ್ತಿದ್ದನು.

ಸಾಸಿವೆಯ ಡಬ್ಬಿ

ಹೊಂದಿಕೊಳ್ಳುವುದಕ್ಕೂ ಒಂದು ಮಿತಿ ಬೇಕು. ಅಡಿಗೆಮನೆಯಲ್ಲಿ ಎಣ್ಣೆ ಕಾದಾಗ ಗೃಹಿಣಿಯ ಕೈ ನೋಡದೆಯೇ ಸಾಸಿವೆಯ ಡಬ್ಬಿಗೆ ಹೋಗುತ್ತದೆ. ಹೊಸದಾಗಿ ಬಂದ ಸಹಾಯಕಿ ಅತಿ ಉತ್ಸಾಹದಿಂದ, ಹೆಚ್ಚು ಬಳಸುವುದು ಮುಂದಿರಲೆಂದು ದಿನವೂ ಡಬ್ಬಿಗಳನ್ನು ಬದಲಿಸಿ ಇಟ್ಟರೆ ಒಗ್ಗರಣೆ ಸೀದುಹೋಗುವುದು ಖಂಡಿತ. ಗಣಕದ ಲೋಕದಲ್ಲಿ ಇದು ನಡೆದೇ ಇದೆ. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ‘ಆಫೀಸ್ ೨೦೦೦’ ತಂತ್ರಾಂಶದಲ್ಲಿ, ಹೆಚ್ಚು ಬಳಸಿದ ಅಪ್ಪಣೆಗಳನ್ನು ಮುಂದಿಟ್ಟು ಉಳಿದವನ್ನು ಅಡಗಿಸುವ ಪಟ್ಟಿಗಳನ್ನು ತಂದಿತು. ಇದ್ದ ಜಾಗದಲ್ಲಿ ಇಲ್ಲದ ಪದವನ್ನು ಹುಡುಕಿ ಜನ ಬೇಸತ್ತರು. ೨೦೦೭ರ ಆವೃತ್ತಿಯಲ್ಲಿ ಆ ಪಟ್ಟಿಗಳು ಉಳಿಯಲಿಲ್ಲ. ಮೇಜಿನ ಮುಂದೆ ಇದು ಬರಿಯ ಬೇಸರ, ಹೆದ್ದಾರಿಯಲ್ಲಿ ಅಪಾಯ. ಆದ್ದರಿಂದ ಕಾರು ತನ್ನ ಸಲಹೆಯನ್ನು ಬದಲಿಸಬಹುದು, ಸಲಹೆ ತೋರುವ ಜಾಗವನ್ನು ಬದಲಿಸಬಾರದು.

ಕಾರಿನಲ್ಲಿರುವವರೆಲ್ಲರೂ ಚಾಲಕರಲ್ಲ ಎಂಬುದೂ ನೆನಪಿರಬೇಕು. ಹಿಂದೆ ಕುಳಿತ ಮಕ್ಕಳಿಗೆ ಚಲನಚಿತ್ರ ಬೇಕು; ಅಜ್ಜಿಗೆ ಹವಾನಿಯಂತ್ರಕದ ತಣ್ಣನೆಯ ಗಾಳಿ ಬೇಡ. ಒಬ್ಬೊಬ್ಬರ ಆಸನಕ್ಕೂ ಬೇರೆ ಬೇರೆ ಸೇವೆ ಒದಗಿಸುವುದು ಇಂದು ಸಾಧ್ಯ. ಮಾತಿನ ಭಾಷೆಯೂ ಮುಖ್ಯ. ಪರಕೀಯ ಉಚ್ಚಾರದಲ್ಲಿ ಬೀದಿಯ ಹೆಸರನ್ನು ಕೇಳಿ ಅರ್ಥಮಾಡಿಕೊಳ್ಳುವುದರಲ್ಲೇ ತಿರುವು ದಾಟಿಹೋಗುತ್ತದೆ. ‘ಇನ್ನೂರು ಮೀಟರಿನಲ್ಲಿ ಬಲಕ್ಕೆ’ ಎನ್ನುವುದಕ್ಕಿಂತ ‘ಗಣೇಶನ ಗುಡಿ ದಾಟಿದೊಡನೆ ಬಲಕ್ಕೆ ತಿರುಗಿ’ ಎಂಬ ಮಾತು ಕನ್ನಡಿಗನಿಗೆ ಬೇಗ ನಾಟುತ್ತದೆ.

ಇಂತಹ ಕೆಲಸದ ಗಣನೀಯ ಪಾಲು ಬೆಂಗಳೂರಿನಲ್ಲಿಯೇ ನಡೆಯುತ್ತಿದೆ. ಮರ್ಸಿಡೀಸ್ ಸಂಸ್ಥೆಯ ಸಂಶೋಧನಾ ಕೇಂದ್ರ ೧೯೯೬ರಿಂದ ಅಲ್ಲಿದೆ. ಹಳಬರು ಇಂದಿಗೂ ‘ಮೈಕೋ’ ಎಂದೇ ಕರೆಯುವ ಆಡುಗೋಡಿಯ ಬಾಷ್ ಸಂಸ್ಥೆಯಲ್ಲಿಯೂ ವಾಹನಗಳ ತಂತ್ರಾಂಶ ಬರೆಯುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಜರ್ಮನಿಯ ಹೆದ್ದಾರಿಯಲ್ಲಿ ಮೌನ ತಾಳಬೇಕಾದ ಯಂತ್ರಕ್ಕೆ ಮೌನವನ್ನು ಕಲಿಸುವವರಲ್ಲಿ ಕನ್ನಡದ ತರುಣ ತರುಣಿಯರೂ ಇದ್ದಾರೆಂಬುದು ಸಂತೋಷದ ಸಂಗತಿ.

ಮನೆಯ ಗುಟ್ಟು

ಸೇವಕನು ಚೆನ್ನಾಗಿ ಸೇವೆ ಮಾಡಬೇಕಾದರೆ ಯಜಮಾನನನ್ನು ಅರಿತಿರಬೇಕು. ಆದರೆ ಅರಿತದ್ದನ್ನು ಬೀದಿಯಲ್ಲಿ ಹೇಳಿಕೊಂಡು ಬರಬಾರದು. ಕಾರಿಗೆ ಈಗ ಮನೆಯ ವಿಳಾಸ ಗೊತ್ತು, ಮಗುವಿನ ಶಾಲೆ ಗೊತ್ತು, ವಾರಕ್ಕೊಮ್ಮೆ ಹೋಗುವ ವೈದ್ಯರು ಯಾರೆಂದು ಗೊತ್ತು. ಈ ಗುಟ್ಟು ಎಲ್ಲಿಗೆ ಹೋಗುತ್ತದೆ?

ಮೊಜಿಲ್ಲಾ ಪ್ರತಿಷ್ಠಾನ ೨೦೨೩ರಲ್ಲಿ ೨೫ ಕಾರು ತಯಾರಕರ ಗೌಪ್ಯತೆಯ ನಿಯಮಗಳನ್ನು ಪರಿಶೀಲಿಸಿತು. ಅದರ ಪರೀಕ್ಷೆಯಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ. ೨೦೨೫ರ ಜನವರಿಯಲ್ಲಿ ಅಮೆರಿಕದ ಕೇಂದ್ರ ವ್ಯಾಪಾರ ಆಯೋಗವು ಜನರಲ್ ಮೋಟಾರ್ಸ್ ಸಂಸ್ಥೆಯ ಮೇಲೆ ಒಂದು ಆರೋಪ ಹೊರಿಸಿತು. ಚಾಲಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಅವರ ಕಾರಿರುವ ಜಾಗವನ್ನೂ ಓಡಿಸುವ ರೀತಿಯನ್ನೂ ದಾಖಲಿಸಿ ಹೊರಗಿನವರಿಗೆ ಮಾರಲಾಯಿತು ಎಂಬುದು ಆ ಆರೋಪ. ಮಾಹಿತಿ ಸಂಗ್ರಹಿಸುವ ಸಂಸ್ಥೆಗಳ ಮೂಲಕ ಅದು ವಿಮಾ ಕಂಪನಿಗಳಿಗೆ ತಲಪಿ, ವಿಮೆಯ ಕಂತು ಏರಲು ಕಾರಣವಾಗುತ್ತಿತ್ತೆಂದು ಆಯೋಗ ಹೇಳಿತು. ಅಂತಹ ಸಂಸ್ಥೆಗಳಿಗೆ ಈ ಮಾಹಿತಿಯನ್ನು ಐದು ವರ್ಷ ಕೊಡಬಾರದೆಂಬ ನಿರ್ಬಂಧವನ್ನೂ ಮುಂದಿಟ್ಟಿತು. ತನಗೆ ಸಲಹೆ ಕೊಡಲು ಕುಳಿತ ಸಾರಥಿ ಹಿಂದಿನಿಂದ ತನ್ನ ಮೇಲೆಯೇ ಚಾಡಿ ಬರೆಯುತ್ತಿದ್ದಾನೆಂದು ತಿಳಿದ ಮೇಲೆ ಯಾರು ತಾನೆ ಅವನನ್ನು ನಂಬುತ್ತಾರೆ?

ಭಾರತದಲ್ಲಿ ಗೌಪ್ಯತೆಯು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ೨೦೧೭ರ ಆಗಸ್ಟ್ ೨೪ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯಬೇಕಾದ ವಿಷಯ. ಆ ತೀರ್ಪಿನ ಬೆನ್ನಲ್ಲಿ, ೨೦೨೩ರಲ್ಲಿ, ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು ಶಾಸನವನ್ನೂ ಮಾಡಿತು. ಒಪ್ಪಿಗೆ ಕೇಳದೆ ಮಾಹಿತಿ ಕೂಡಿಸಬಾರದು, ಯಾವ ಉದ್ದೇಶಕ್ಕೆ ಕೇಳಿದರೋ ಅದಕ್ಕೇ ಬಳಸಬೇಕು ಎಂಬುದು ಅದರ ತಿರುಳು.

ಕಾನೂನು ತನ್ನ ಕೆಲಸ ಮಾಡುವವರೆಗೆ ಮನೆಯವರು ಮಾಡಿಕೊಳ್ಳಬಹುದಾದ ಎಚ್ಚರಿಕೆಗಳೂ ಇವೆ. ಹೋಗುವ ಊರನ್ನು ಕಾರು ಹೊರಡುವ ಮೊದಲೇ ಗುರುತು ಮಾಡಬೇಕು. ನಡುವೆ ಬದಲಾಯಿಸಬೇಕಾದರೆ ಆ ಕೆಲಸ ಪಕ್ಕದಲ್ಲಿ ಕುಳಿತವರದು. ಕಾರು ಕೊಂಡ ದಿನ, ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆ ಕೇಳುವ ಪುಟವನ್ನು ಓದದೆ ಒತ್ತಬಾರದು. ಹಳೆಯ ಕಾರನ್ನು ಮಾರುವಾಗಲೂ ಬಾಡಿಗೆಯ ಕಾರನ್ನು ಹಿಂದಿರುಗಿಸುವಾಗಲೂ ಅದರೊಳಗೆ ಉಳಿದ ವಿಳಾಸಗಳನ್ನೂ ಫೋನು ಸಂಖ್ಯೆಗಳನ್ನೂ ಅಳಿಸಬೇಕು. ಕಪಾಟು ಮಾರುವವರು ಒಳಗಿನ ಪತ್ರಗಳನ್ನು ತೆಗೆದಿಟ್ಟುಕೊಳ್ಳುವುದಿಲ್ಲವೇ? ಇದೂ ಹಾಗೆಯೇ.

ಮಲಗಿರುವ ಕಾವಲುಗಾರ

ಅರಿಯಬೇಕಾದಷ್ಟನ್ನು 
ಮಾತ್ರ ಅರಿತು, ಉಳಿದ ಹೊತ್ತು ಸುಮ್ಮನಿರುವ ಯಂತ್ರವನ್ನು ಮಾಡುವುದು ಸಾಧ್ಯವೇ? ಸಾಧ್ಯವೆಂದು ಯೂರೋಪು ತೋರಿಸಿದೆ. ೨೦೨೪ರ ಜುಲೈಯಿಂದ ಅಲ್ಲಿ ಮಾರಾಟವಾಗುವ ಪ್ರತಿಯೊಂದು ಹೊಸ ಕಾರಿನಲ್ಲಿಯೂ ತೂಕಡಿಕೆಯನ್ನು ಎಚ್ಚರಿಸುವ ವ್ಯವಸ್ಥೆ ಇರಲೇಬೇಕು. ಆದರೆ ಅದು ಕಂಡದ್ದನ್ನು ಅಗತ್ಯಕ್ಕಿಂತ ಹೆಚ್ಚಾಗಿ ಕೂಡಿಡಬಾರದು, ಹೊರಗಿನವರಿಗೆ ಕೊಡಬಾರದು, ಕೆಲಸ ಮುಗಿದೊಡನೆ ಅಳಿಸಬೇಕು ಎಂದು ಅದೇ ಕಾನೂನು ಕಟ್ಟಪ್ಪಣೆ ಮಾಡಿದೆ.

ಇನ್ನೂ ಒಳ್ಳೆಯ ನಿದರ್ಶನವೆಂದರೆ ೨೦೧೮ರ ಮಾರ್ಚ್ ೩೧ರಿಂದ ಅಲ್ಲಿನ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾದ ‘ಈ-ಕಾಲ್’ ಎಂಬ ತುರ್ತು ಕರೆ. ಕಾರು ಸುಖವಾಗಿ ಓಡುತ್ತಿರುವಷ್ಟು ದಿನವೂ ಆ ಸಾಧನ ಮಲಗಿರುತ್ತದೆ. ಯಾರು ಎಲ್ಲಿಗೆ ಹೋದರೆಂದು ಅದು ಯಾರಿಗೂ ತಿಳಿಸುವುದಿಲ್ಲ. ಕಾರು ಡಿಕ್ಕಿ ಹೊಡೆದು ಗಾಳಿಚೀಲಗಳು ಬಿಚ್ಚಿಕೊಂಡ ಕ್ಷಣದಲ್ಲಿ ಎಚ್ಚರಗೊಳ್ಳುತ್ತದೆ. ತಾನಾಗಿಯೇ ೧೧೨ಕ್ಕೆ ಕರೆ ಮಾಡಿ, ಅಪಘಾತದ ಜಾಗ, ವೇಳೆ, ಕಾರು ಸಾಗುತ್ತಿದ್ದ ದಿಕ್ಕು ಇವನ್ನು ಒಪ್ಪಿಸುತ್ತದೆ. ಒಳಗಿರುವವರ ದನಿಯನ್ನು ಸಹಾಯಕರಿಗೆ ಮುಟ್ಟಿಸುತ್ತದೆ. ಉತ್ತರ ಕೊಡಲು ಒಳಗೆ ಯಾರಿಗೂ ಶಕ್ತಿಯಿಲ್ಲದಿದ್ದರೂ ಆಂಬುಲೆನ್ಸು ಹೊರಡುತ್ತದೆ. ಭಾರತದಲ್ಲಿಯೂ ೨೦೧೯ರ ಜನವರಿಯಿಂದ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿ ಮೊದಲಾದ ಸಾರ್ವಜನಿಕ ವಾಹನಗಳಿಗೆ ಜಾಗ ತಿಳಿಸುವ ಸಾಧನವನ್ನೂ ಅಪಾಯದಲ್ಲಿ ಒತ್ತುವ ಗುಂಡಿಯನ್ನೂ ವಿಧಿಸಲಾಗಿದೆ.

ಕಾರು ಕೊಳ್ಳಲು ಹೋದವರಿಗೆ ಅಂಗಡಿಯವರು ಪರದೆಯ ಅಗಲವನ್ನು ತೋರಿಸುತ್ತಾರೆ, ಅದು ಎಷ್ಟು ಭಾಷೆ ಮಾತನಾಡುವುದೆಂದು ಹೇಳುತ್ತಾರೆ. ಅದನ್ನೆಲ್ಲ ನೋಡಬೇಕಾದದ್ದೇ. ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಿದರೆ ನಷ್ಟವಿಲ್ಲ: ಮಳೆಯ ರಾತ್ರಿಯಲ್ಲಿ ಘಾಟಿಯ ತಿರುವನ್ನು ಏರುವಾಗ ಈ ಯಂತ್ರ ಬಾಯಿ ಮುಚ್ಚಿಕೊಂಡಿರಬಲ್ಲದೇ? ಮನೆಗೆ ಬಂದ ಮೇಲೆ, ತಾನು ಕಂಡದ್ದನ್ನು ಯಾರಿಗೂ ಹೇಳದೆ ಇರಬಲ್ಲದೇ? ಎರಡಕ್ಕೂ ಹೌದೆನ್ನಬಲ್ಲ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೂರದ ಊರಿಗೂ ಧೈರ್ಯವಾಗಿ ಹೊರಡಬಹುದು.